ಮಾರಾಟಕ್ಕಿದ್ದ ಜಡ್ಜ್ ಕುರ್ಚಿ

ನಮಸ್ಕಾರ. 1716. ಫ್ರಾನ್ಸಿನ ಬೋರ್ಡೋ ಊರು. ಒಬ್ಬ ದೊಡ್ಡಪ್ಪ ತೀರಿಕೊಂಡರು. ಆಸ್ತಿ, ಬಿರುದು ಎಲ್ಲ ತಮ್ಮನ ಮಗನಿಗೆ ಬಂತು. ಜೊತೆಗೆ ಅಲ್ಲಿನ ದೊಡ್ಡ ಕೋರ್ಟಿನ ಜಡ್ಜ್ ಕುರ್ಚಿಯೂ ಬಂತು! ಹೊಲ, ಮನೆ ಬಂದ ಹಾಗೆ.

ಹುಡುಗನಿಗೆ ಆಗ 27 ವಯಸ್ಸು. ಹತ್ತು ವರ್ಷ ಅದರಲ್ಲಿ ಕೂತು, ಬೇಜಾರಾಗಿ, 1726ರಲ್ಲಿ ಮಾರಿಬಿಟ್ಟ. ಈತನೇ ಮಾಂಟೆಸ್ಕ್ಯೂ. ಪಿಯುಸಿಯಲ್ಲಿ ‘ಅಧಿಕಾರ ಪ್ರತ್ಯೇಕತೆ’ ಅಂತ ಉರು ಹೊಡೆದೆವಲ್ಲ, ಅದೇ ಪುಣ್ಯಾತ್ಮ.

1748ರಲ್ಲಿ ಅವನ ದೊಡ್ಡ ಪುಸ್ತಕ ಜಿನೀವಾದಲ್ಲಿ ಅಚ್ಚಾಯಿತು. ಹೆಸರು ಹಾಕಿರಲಿಲ್ಲ. ಆ ಕಾಲ ಹಾಗಿತ್ತು. ದೊರೆಯ ಸಹಿ ಇರುವ ಒಂದು ಚೀಟಿ ಸಾಕು, ವಿಚಾರಣೆಯೇ ಇಲ್ಲದೆ ಜೈಲು. ಅದೇ ಕಾಲದ ಲೇಖಕ ವಾಲ್ಟೇರ್ ಎರಡು ಸಲ ಪ್ಯಾರಿಸ್ಸಿನ ಬಾಸ್ಟೀಲ್ ಜೈಲು ಕಂಡು ಬಂದಿದ್ದ.

ಪುಸ್ತಕದಲ್ಲಿದ್ದ ಮಾತು ಇಷ್ಟೇ: ಕಾನೂನು ಮಾಡುವವರು, ನಡೆಸುವವರು, ತೀರ್ಪು ಕೊಡುವವರು ಒಬ್ಬರೇ ಆಗಿಬಿಟ್ಟರೆ ಜನರ ಸ್ವಾತಂತ್ರ್ಯ ಮುಗಿಯಿತು. ಅಧಿಕಾರವನ್ನು ಅಧಿಕಾರವೇ ತಡೆಯಬೇಕು. ಒಳ್ಳೆಯ ದೊರೆಯನ್ನು ಹುಡುಕಿ ಅಂತ ಹೇಳಲಿಲ್ಲ ನೋಡಿ. ಯಾರೇ ಕೂತರೂ ಒಂದು ಕೈ ಕಟ್ಟಿರಲಿ ಅಂದ.

ತಮಾಷೆ ಅಂದರೆ, ಅದೇ ಪುಸ್ತಕದಲ್ಲಿ ರಾಜನಿರುವ ದೇಶದಲ್ಲಿ ಹುದ್ದೆ ಮಾರುವುದೇ ವಾಸಿ ಅಂತಲೂ ಬರೆದ! ಇಲ್ಲದಿದ್ದರೆ ಆಸ್ಥಾನದವರು ಕದ್ದು ಮಾರುತ್ತಾರಂತೆ. ತಾನು ಮಾರಿದ್ದಕ್ಕೆ ಸಮರ್ಥನೆ ಅಂತ ನಗಬಹುದು. ನಾನೂ ನಕ್ಕೆ. ಆಮೇಲೆ ಹೊಳೆಯಿತು: ದುಡ್ಡು ಕೊಟ್ಟು ಕೊಂಡ ಕುರ್ಚಿಯಿಂದ ಜಡ್ಜನ್ನು ಎಬ್ಬಿಸಬೇಕಾದರೆ ರಾಜ ದುಡ್ಡು ವಾಪಸ್ ಕೊಡಬೇಕಲ್ವಾ? ಖಜಾನೆಯೋ ಖಾಲಿ. ಹಾಗಾಗಿ ಆ ಜಡ್ಜ್‌ಗಳು ರಾಜನಿಗೆ ಎದುರು ಮಾತಾಡುತ್ತಿದ್ದರು.

ಇಂಗ್ಲೆಂಡ್ ದುಡ್ಡಿಲ್ಲದೆ ಅದೇ ಕೆಲಸ ಮಾಡಿತ್ತು. ನಡತೆ ಸರಿ ಇರುವವರೆಗೆ ಜಡ್ಜ್ ಇರಲಿ, ತೆಗೆಯಬೇಕಾದರೆ ಪಾರ್ಲಿಮೆಂಟಿನ ಎರಡೂ ಸದನ ಕೇಳಬೇಕು ಅಂತ 1701ರ ಕಾನೂನು. 1787ರಲ್ಲಿ ಅಮೆರಿಕ ಇನ್ನೊಂದು ಸೇರಿಸಿತು: ಸಂಬಳ ಕಡಿತ ಮಾಡುವ ಹಾಗಿಲ್ಲ. ನನ್ನನ್ನು ಕೇಳಿದರೆ ಓಟಿನಷ್ಟೇ ದೊಡ್ಡ ವಿಷಯ ಇದು. ಓಟು ಐದು ವರ್ಷಕ್ಕೊಮ್ಮೆ. ನಡುವೆ ಪೊಲೀಸರು ಸುಮ್ನೆ ಎಳೆದುಕೊಂಡು ಹೋದರೆ ಹೋಗುವುದು ಎಲ್ಲಿಗೆ?

ನಮ್ಮಲ್ಲೂ ಸುಪ್ರೀಂ ಕೋರ್ಟ್ ಜಡ್ಜನ್ನು ತೆಗೆಯಲು ಎರಡೂ ಸದನಗಳ ವಿಶೇಷ ಬಹುಮತ ಬೇಕು. ಆದರೆ ಕೂತ ಕುರ್ಚಿಯಿಂದ ಎಬ್ಬಿಸಲು ಆಗದಿದ್ದರೇನು, ಮುಂದಿನ ಕುರ್ಚಿ ತಪ್ಪಿಸಬಹುದಲ್ಲ? 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ತೀರ್ಪು ಬಂತು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಕೇಸು. ಸಂವಿಧಾನದ ಮೂಲ ರಚನೆಗೆ, ಅಂದರೆ ಅದರ ಅಡಿಪಾಯಕ್ಕೆ, ಪಾರ್ಲಿಮೆಂಟ್ ಕೈ ಹಾಕಬಾರದು ಅಂದ ಜಡ್ಜ್‌ಗಳಲ್ಲಿ ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆ ಒಬ್ಬರು. ಅದರ ಬೆನ್ನಿಗೇ ಸರ್ಕಾರ ಅವರೂ ಸೇರಿ ಮೂವರು ಸೀನಿಯರ್‌ಗಳನ್ನು ದಾಟಿ ನಾಲ್ಕನೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

1977ರಲ್ಲಿ ಹೆಗ್ಡೆ ಬೆಂಗಳೂರಿನಿಂದ ಗೆದ್ದು ಹೋದರು. ಅದೇ ವರ್ಷ ಲೋಕಸಭೆಯ ಸ್ಪೀಕರ್ ಕುರ್ಚಿಯಲ್ಲಿ ಕೂತರು.