ಸಿಯಾಚಿನ್‌ನ ಚಳಿ, ನಮ್ಮ ಅಭಿಮಾನ

ಕೇಳುಗರೆಲ್ಲರಿಗೂ ನಮಸ್ಕಾರ.

2016ರ ಫೆಬ್ರವರಿ ಹುಬ್ಬಳ್ಳಿ-ಧಾರವಾಡದ ಮಂದಿಗೆ ಇನ್ನೂ ನೆನಪಿದೆ, ಅಲ್ವಾ? ಲಡಾಖ್‌ನ ಎತ್ತರದ ಹಿಮನದಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ನಮ್ಮ ಹತ್ತು ಸೈನಿಕರು ಹೂತುಹೋದರು. ಆರನೇ ದಿನ ಒಬ್ಬರೇ ಜೀವಂತ ಸಿಕ್ಕರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಅಲ್ಲಿ ಗುಂಡಿಗಿಂತ ಚಳಿ ಮತ್ತು ಹಿಮವೇ ಜಾಸ್ತಿ ಜೀವ ತೆಗೆಯುತ್ತವೆ. 2012ರ ಏಪ್ರಿಲ್‌ನಲ್ಲಿ ಹತ್ತಿರದ ಗಯಾರಿಯಲ್ಲಿ ಹಿಮದಡಿ ಸಿಕ್ಕು ಸತ್ತ 140 ಮಂದಿ ಪಾಕಿಸ್ತಾನದವರು.

ಅಷ್ಟು ಎತ್ತರದಲ್ಲಿ ಸೈನ್ಯ ಯಾಕೆ ಕೂತಿದೆ? 1949ರಲ್ಲಿ ಕರಾಚಿಯಲ್ಲಿ ಭಾರತ-ಪಾಕಿಸ್ತಾನದ ನಡುವೆ ಕದನವಿರಾಮ ರೇಖೆ ಎಳೆದವರು ಎನ್‌ಜೆ 9842 ಎಂಬ ಬಿಂದುವಿಗೆ ಬಂದು ನಿಂತುಬಿಟ್ಟರು. ಮುಂದಕ್ಕೆ ‘ಉತ್ತರಕ್ಕೆ ಹಿಮನದಿಗಳವರೆಗೆ’ ಎಂದಷ್ಟೇ ಬರೆದರು. ಆ ಹಿಮದಲ್ಲಿ ಯಾರು ಜಗಳಾಡುತ್ತಾರೆ ಅಂದುಕೊಂಡರೋ ಏನೋ. 1972ರ ನಿಯಂತ್ರಣ ರೇಖೆಯೂ ಅಲ್ಲೇ ನಿಂತಿತು. 1984ರ ಏಪ್ರಿಲ್‌ನಲ್ಲಿ ನಮ್ಮ ಸೈನ್ಯ ಮೇಲೇರಿತು. ಇನ್ನೂ ಇಳಿದಿಲ್ಲ.

1989ರಲ್ಲಿ ಎರಡೂ ಸೈನ್ಯಗಳು ಇಳಿಯುವ ಮಾತುಕತೆ ಸಾಕಷ್ಟು ಮುಂದೆ ಹೋಗಿತ್ತು. ಕೈಗೂಡಲಿಲ್ಲ. 1999ರಲ್ಲಿ ಪಾಕಿಸ್ತಾನದ ಸೈನಿಕರು ಕಾರ್ಗಿಲ್‌ನಲ್ಲಿ ರೇಖೆ ದಾಟಿ ಬಂದರು. ಇದ್ದ ನಂಬಿಕೆಯೂ ಹೋಯಿತು. ಈಗ ಯಾರು ಎಲ್ಲಿದ್ದೀರೋ ಮೊದಲು ನಕ್ಷೆಯ ಮೇಲೆ ಗುರುತು ಹಾಕಿ, ಸಹಿ ಮಾಡಿ, ಆಮೇಲೆ ಇಳಿಯೋಣ ಎಂದು ನಮ್ಮವರು ಕೇಳುತ್ತಾರೆ. ಕೇಳುವುದು ಸರಿಯೇ. ಆದರೆ ಒಂದು ಜಾಗ ಮಾನದ ಪ್ರಶ್ನೆಯಾಗಿಬಿಟ್ಟರೆ ಸಹಿಗೆ ಕೂರುವುದೇ ಕಷ್ಟ. ಮಾತುಕತೆ ಎಂದವರ ಮೇಲೆ ಎರಡೂ ಕಡೆ ‘ದೇಶ ಮಾರಿದರು’ ಎಂಬ ಕೂಗು ಏಳುತ್ತದೆ.

ದೇಶಪ್ರೇಮವನ್ನು ಟಿವಿಯ ಕಿರುಚಾಟ ನಮಗೆ ಕಲಿಸಬೇಕಾಗಿಲ್ಲ. ಧಾರವಾಡದ ಹತ್ತಿರದ ಗರಗದಲ್ಲಿ ಬಾವುಟದ ಖಾದಿ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೆಣ್ಣುಮಕ್ಕಳು ರಾಷ್ಟ್ರಧ್ವಜ ಹೊಲಿಯುತ್ತಾರೆ. ಚಕ್ರದ 24 ಅರಗಳು ಎರಡೂ ಬದಿಯಲ್ಲಿ ಸರಿಯಾಗಿ ಕೂಡಬೇಕು. ಬಣ್ಣವೋ ಅಳತೆಯೋ ತಪ್ಪಿದರೆ ಆ ಬಾವುಟ ಹೊರಗೆ ಹೋಗುವುದಿಲ್ಲ. ಇಷ್ಟು ಶ್ರದ್ಧೆಗೆ ಯಾರ ಮೇಲಿನ ದ್ವೇಷವೂ ಬೇಕಾಗಿಲ್ಲ.

ಇನ್ನೊಂದು ಮಾತು. ಹನುಮಂತಪ್ಪನವರ ತಂಡ ಹೂತುಹೋದಾಗ ಪಾಕಿಸ್ತಾನ ಸೇನೆಯ ಹಿರಿಯ ಅಧಿಕಾರಿ ನಮ್ಮವರಿಗೆ ಫೋನ್ ಮಾಡಿ, ಹುಡುಕಲು ನೆರವು ಬೇಕೇ ಎಂದು ಕೇಳಿದ್ದರು. ನಮ್ಮ ತಂಡಗಳು ಆಗಲೇ ಕೆಲಸಕ್ಕೆ ಇಳಿದಿದ್ದವು, ಬೇಡ ಎಂದರು. ಎದುರಾಳಿ ಸೈನ್ಯಗಳ ನಡುವೆಯೂ ಇಂಥ ಮಾತಿಗೆ ಜಾಗವಿದೆ. ನಮ್ಮ ಕಟ್ಟೆಯ ಹರಟೆಯಲ್ಲಿ ಯಾಕಿರಬಾರದು?

ಓಟು ಕೇಳಲು ಬಂದವರನ್ನು ಕೇಳಿ: ಆ ಗುರುತು ಹಾಕುವ ಮಾತುಕತೆ ಎಲ್ಲಿಗೆ ಬಂತು? ಕೇಳಿದ್ದಕ್ಕೆ ದೇಶದ್ರೋಹಿ ಎನ್ನುವವರಿಗೆ ಹೆದರಬೇಡಿ. ನಮಸ್ಕಾರ.