ಒತ್ತಡ ಇಳಿದಾಗ ಮೆದುಳಿನೊಳಗೆ

ಎಲ್ಲರಿಗೂ ನಮಸ್ಕಾರ.

ಘಾಟಿ ಹತ್ತುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಬ್ಯಾಗಿನಲ್ಲಿರುವ ಚಿಪ್ಸ್ ಪ್ಯಾಕೆಟ್ ಊದಿಕೊಳ್ಳುತ್ತದೆ. ನೀವೆಲ್ಲ ನೋಡಿದ್ದೀರಿ, ಅಲ್ವಾ? ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ. 18,000 ಅಡಿಗೆ ಹೋದರೆ ಸಮುದ್ರಮಟ್ಟದಲ್ಲಿ ಇದ್ದದ್ದರ ಅರ್ಧ ಮಾತ್ರ ಉಳಿದಿರುತ್ತದೆ. ನಮಗೆ ಇದು ಯಾವತ್ತೋ ಒಂದು ದಿನದ ಪ್ರಯಾಣ. ಆದರೆ ಇದೇ ಹೊಟ್ಟೆಪಾಡಾದವರ ತಲೆಯೊಳಗೆ ಏನಾಗುತ್ತದೆ?

ನಮ್ಮ ಬೆಂಗಳೂರಿನ ವಿಮಾನಪುರದಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, 1957ರಲ್ಲಿ ಶುರುವಾದದ್ದು. ಇಂಥ ಕಡೆ ಗಟ್ಟಿ ಬಾಗಿಲಿನ ಒಂದು ಕೋಣೆ ಇರುತ್ತದೆ. ಪೈಲಟ್‌ಗಳನ್ನು ಒಳಗೆ ಕೂರಿಸಿ ಪಂಪ್‌ನಿಂದ ಗಾಳಿ ಎಳೆಯುತ್ತಾರೆ. ಕೋಣೆ ಇದ್ದಲ್ಲೇ ಇರುತ್ತದೆ, ಒಳಗಿನ ಒತ್ತಡ ಮಾತ್ರ 25,000 ಅಡಿ ಎತ್ತರದ್ದು. ಆಮ್ಲಜನಕದ ಮಾಸ್ಕ್ ತೆಗೆಸಿ ಲೆಕ್ಕ ಬರೆಸುತ್ತಾರೆ. 100ರಿಂದ 7 ಕಳೆಯುತ್ತಾ ಹೋಗಿ. 93, 86, 79... ಸ್ವಲ್ಪ ಹೊತ್ತಿಗೆ ಅಂಕಿಗಳು ಗೆರೆ ಬಿಟ್ಟು ಜಾರುತ್ತವೆ. ಬರೆಯುವವರಿಗೆ ಮಾತ್ರ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತಿರುತ್ತದೆ! 3ರಿಂದ 5 ನಿಮಿಷದಲ್ಲಿ ಕೆಲಸಕ್ಕೆ ಬರುವಷ್ಟು ಎಚ್ಚರ ಮುಗಿಯುತ್ತದೆ.

ಆ ಹೊತ್ತಿನಲ್ಲಿ ಮೆದುಳಿನ ರಕ್ತನಾಳಗಳನ್ನು ಎರಡು ಕಡೆಯಿಂದ ಜಗ್ಗಿದಂತೆ ಆಗಿರುತ್ತದೆ. ಆಮ್ಲಜನಕ ಕಡಿಮೆಯಾದರೆ ನಾಳ ಹಿಗ್ಗಿ ರಕ್ತ ಜಾಸ್ತಿ ಹರಿಯುತ್ತದೆ. ಏದುಸಿರು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಅದೇ ನಾಳ ಕುಗ್ಗುತ್ತದೆ. ಮೆದುಳಿನ ತೂಕ ಮೈತೂಕದ ಶೇ. 2ರಷ್ಟೇ. ಆದರೆ ಮೈ ಬಳಸುವ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು.

ಹಾಗಾದರೆ ಮಾಸ್ಕ್ ಹಾಕಿಕೊಂಡರೆ ಸಾಕಲ್ಲ? ಸಾಲದು. ಅಮೆರಿಕದ ಯು-2 ಬೇಹುಗಾರಿಕೆ ವಿಮಾನದ ಪೈಲಟ್‌ಗಳನ್ನು ನೋಡಿ. 70,000 ಅಡಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹಾರುವವರು. ಆಗೆಲ್ಲ ಕಾಕ್‌ಪಿಟ್ ಒಳಗಿನ ಒತ್ತಡ ಸುಮಾರು 29,000 ಅಡಿಯದ್ದಾಗಿರುತ್ತಿತ್ತು, ಉಸಿರಾಡುವುದು ಶುದ್ಧ ಆಮ್ಲಜನಕ. ಆದರೂ 2013ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನದಲ್ಲಿ ಇವರ ಮೆದುಳಿನ ಬಿಳಿ ಭಾಗದಲ್ಲಿ ಸಣ್ಣ ಸಣ್ಣ ಕಲೆಗಳು ಕಂಡವು. ಕಲೆಗಳ ಒಟ್ಟು ಗಾತ್ರ ಹಾರಾಟ ಇಲ್ಲದವರಿಗಿಂತ ಹೆಚ್ಚುಕಡಿಮೆ 4 ಪಟ್ಟು.

ಗೋಲಿ ಸೋಡಾದ ಗೋಲಿ ಒತ್ತಿ. ಅಲ್ಲಿಯವರೆಗೆ ನೀರಿನಲ್ಲಿ ಕಾಣದೆ ಕೂತಿದ್ದ ಗ್ಯಾಸ್ ಬುಸ್ ಅಂತ ಗುಳ್ಳೆಯಾಗಿ ಏಳುತ್ತದೆ. ಒತ್ತಡ ಇಳಿದಾಗ ರಕ್ತದಲ್ಲಿ ಕರಗಿದ್ದ ಸಾರಜನಕವೂ ಹಾಗೇ. ಫ್ರಾನ್ಸಿನ ವಿಜ್ಞಾನಿ ಪಾಲ್ ಬೇರ್ 1878ರಲ್ಲೇ ಇದನ್ನು ಬರೆದಿದ್ದರು. ಯು-2 ಪೈಲಟ್‌ಗಳು ಹಾರುವ ಮೊದಲೇ ಆಮ್ಲಜನಕ ಉಸಿರಾಡಿ ಸಾರಜನಕ ಕಳೆದುಕೊಳ್ಳುತ್ತಾರೆ. ಅಷ್ಟಾದರೂ ಉಳಿಯುವ ಪುಟ್ಟ ಗುಳ್ಳೆಗಳು ಸಪೂರ ನಾಳಗಳಲ್ಲಿ ತೊಂದರೆ ಮಾಡುತ್ತಿರಬಹುದು ಅನ್ನುವುದು ಸಂಶೋಧಕರ ಗುಮಾನಿ.

ನನ್ನನ್ನು ಜಾಸ್ತಿ ಕಾಡುವವರು ಆ ಕೋಣೆಯ ಸಿಬ್ಬಂದಿ. ಪೈಲಟ್ ಯಾವಾಗಲೋ ಒಮ್ಮೆ ತರಬೇತಿಗೆ ಬಂದು ಹೋಗುತ್ತಾರೆ. ಅವರ ಮುಖಕ್ಕೆ ಮಾಸ್ಕ್ ವಾಪಸ್ ಹಾಕುವವರು ಮತ್ತೆ ಮತ್ತೆ ಒಳಗೆ ಹೋಗಬೇಕು. ಅಮೆರಿಕದಲ್ಲಿ ಇಂಥ ಸಿಬ್ಬಂದಿಯ ಮೆದುಳಿನಲ್ಲೂ ಅವೇ ಕಲೆಗಳು ಜಾಸ್ತಿ ಕಂಡವು. ಒಮ್ಮೆ ಒಳಗೆ ಹೋಗಿ ಬಂದ ತರಬೇತಿಯವರಲ್ಲಿ ಮರುದಿನವೂ ಮೆದುಳಿನ ರಕ್ತದ ಹರಿವು ಏರಿಯೇ ಇತ್ತು. ಬಾಗಿಲು ತೆರೆದು ಹೊರಗೆ ಬಂದರೂ ಮೆದುಳು ಇನ್ನೂ ಸುಧಾರಿಸಿಕೊಳ್ಳುತ್ತಿರುತ್ತದೆ.

ಪೈಲಟ್ ಹಾರಿದ ಗಂಟೆಗಳನ್ನು ಲಾಗ್‌ಬುಕ್‌ನಲ್ಲಿ ಬರೆಯುತ್ತಾರೆ. ಈ ಸಿಬ್ಬಂದಿ ಎಷ್ಟು ಸಲ, ಎಷ್ಟು ಅಡಿಗೆ ಹೋದರು ಅನ್ನುವುದೂ ಅವರ ಆರೋಗ್ಯದ ದಾಖಲೆಯಲ್ಲಿ ಹಾಗೇ ಇರಬೇಕು. ನಿವೃತ್ತಿಯಾಗಿ 20 ವರ್ಷದ ಮೇಲೆ ತಲೆನೋವು, ಮರೆವು ಅಂತ ಊರಿನ ಡಾಕ್ಟರ ಹತ್ತಿರ ಹೋದಾಗಲೂ ಆ ಪುಟ ಅವರ ಕೈಯಲ್ಲಿರಬೇಕು.