ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ

ಮಾನ್ಯ ಅಧ್ಯಕ್ಷರೆ, ಗೌಂಡಿ ಬಂಧುಗಳೆ, ಮನೆ ಕಟ್ಟಿಸಲು ಹೊರಟಿರುವ ಕಲಬುರಗಿಯ ಅಣ್ಣಂದಿರೆ ಮತ್ತು ಅಕ್ಕಂದಿರೆ,

ಈ ಮಾತುಕತೆಯನ್ನು ಮಾರ್ಚ್ ತಿಂಗಳಲ್ಲೇ ಇಡಬೇಕೆಂದು ನಾನು ಸಂಘಟಕರ ಬೆನ್ನು ಹತ್ತಿದ್ದೆ. ಇನ್ನು ಕೆಲವೇ ದಿನಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ; ಮಳೆ ಬರುವ ಮುನ್ನ ಸ್ಲ್ಯಾಬ್ ಮುಗಿಸಬೇಕೆಂಬ ಅವಸರವೂ ಅದೇ ಹೊತ್ತಿಗೆ ಶುರುವಾಗುತ್ತದೆ. ಆ ಅವಸರದಲ್ಲಿ ಹಾಳಾದ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿತ್ತಾಪುರ ಸೀಮೆಯ ಒಂದು ಹಳ್ಳಿಯಲ್ಲಿ ಎರಡು ಕೋಣೆಗಳ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿದ್ದ ಹಿರಿಯ ಗೌಂಡಿಯೊಬ್ಬರು ಬೆಳಿಗ್ಗೆ ಬಂದೊಡನೆ ಕರಣೆಯನ್ನು ಮುಟ್ಟುತ್ತಿರಲಿಲ್ಲ. ಇಟ್ಟಂಗಿಗಳನ್ನು ಪೀಪಾಯಿಯ ನೀರಿಗೆ ಇಳಿಸಿ, ಬಾಗಿ, ಕಿವಿಗೊಟ್ಟು ನಿಲ್ಲುತ್ತಿದ್ದರು. ಒಣ ಇಟ್ಟಂಗಿ ನೀರು ಕುಡಿಯುವಾಗ ಸುಯ್ಯೆಂದು ಗುಳ್ಳೆ ಬಿಡುತ್ತದೆ. ಆ ಸದ್ದು ಅಡಗಿ, ಹೊರಗೆ ತೆಗೆದ ಇಟ್ಟಂಗಿಯ ಮೈಮೇಲಿನ ನೀರು ಆರಿದ ಮೇಲೆಯೇ ಅದು ಗೋಡೆಗೆ ಹೋಗುತ್ತಿತ್ತು. ಒಂದು ದಿನ ನೀರಿನ ಬಂಡಿ ತಡವಾಯಿತು. ಗುತ್ತಿಗೆದಾರರ ಕಡೆಯವರು ಒಣ ಇಟ್ಟಂಗಿಯಲ್ಲೇ ಕಟ್ಟಿರೆಂದರು, ನಾನೂ ತಲೆಯಾಡಿಸಿದೆ. ಆ ಹಿರಿಯರು ವಾದಿಸದೆ ಒಂದೇ ಒಂದು ವರಸೆ ಇಟ್ಟು ಕೈ ತೊಳೆದುಕೊಂಡರು. ಮರುದಿನ ನನ್ನನ್ನು ಕರೆದು ಆ ವರಸೆಯ ಒಂದು ಇಟ್ಟಂಗಿಯನ್ನು ಎತ್ತಿದರು. ಅದು ಡಬ್ಬಿಯ ಮುಚ್ಚಳದಂತೆ ಎದ್ದು ಬಂತು. ಅಡಿಯ ಮಾಲು, ಅಂದರೆ ಸಿಮೆಂಟು-ಉಸುಕಿನ ಕಲಸು, ಉಗುರಿಗೇ ಪುಡಿಯಾಯಿತು. ‘ಇಟ್ಟಂಗಿಗಿ ನಾವ್ ಕುಡಸಲಿಲ್ಲಂದ್ರ ಅದು ಸಿಮೆಂಟಿನ ಬಾಯಾಗಿಂದ ಕಸ್ಕೊಂಡು ಕುಡೀತದ ಸಾಹೇಬ್ರೆ’ ಎಂದರು. ಕಾಲೇಜಿನಲ್ಲಿ ಇಟ್ಟಂಗಿಯ ನೀರು ಹೀರುವಿಕೆ ಅದರ ತೂಕದ ಶೇಕಡಾ 20ನ್ನು ಮೀರಬಾರದೆಂದು ಬಾಯಿಪಾಠ ಮಾಡಿದ್ದ ನನಗೆ, ಆ ಶೇಕಡಾ ಯಾರ ಪಾಲಿನಿಂದ ಹೋಗುತ್ತದೆ ಎಂಬುದು ಅಂದು ತಿಳಿಯಿತು.

ಎಲ್ಲ ಕಟ್ಟಡಗಳಲ್ಲೂ ಕೇಳುವ ಒಂದು ಮಾತಿದೆ: ‘ಕಾಂಕ್ರೀಟು ಒಣಗಿದೆ, ಇನ್ನು ಭಯವಿಲ್ಲ.’ ಭಯ ಶುರುವಾಗುವುದೇ ಅಲ್ಲಿಂದ. ಸಿಮೆಂಟು ಕೆಸರಿನಂತೆ ನೀರು ಕಳೆದುಕೊಂಡು ಗಟ್ಟಿಯಾಗುವ ವಸ್ತುವಲ್ಲ, ನೀರಿನೊಡನೆ ಕೂಡಿ ಗಟ್ಟಿಯಾಗುವ ವಸ್ತು. ಸುಣ್ಣಗಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿಯಲ್ಲಿ ಸುಟ್ಟು, ಬಂದ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಿಗೆ ಸ್ವಲ್ಪ ಜಿಪ್ಸಮ್ ಸೇರಿಸಿ ನುಣ್ಣಗೆ ಅರೆದಾಗ ಸಿಮೆಂಟು. ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ಇದನ್ನೇ ಮಾಡುತ್ತವೆ. ನಿಮ್ಮ ಪಡಸಾಲೆಯ ಶಹಾಬಾದ್ ಫರಸಿಯೂ ಅದೇ ಸುಣ್ಣಗಲ್ಲಿನ ಸೀಮೆಯದು. ಆ ಪುಡಿಯ ಕಣಗಳಿಗೆ ನೀರು ಸೋಕಿದಾಗ ಹುಟ್ಟುವ ಹೊಸ ಹರಳುಗಳೂ ಅಂಟೂ ಉಸುಕು ಮತ್ತು ಖಡಿಯನ್ನು ಹಿಡಿದುಕೊಳ್ಳುತ್ತವೆ. ಕೆಲವು ತಾಸಿನಲ್ಲಿ ಅದು ಬಿಗಿಯುತ್ತದೆ, ನಿಜ. ಆದರೆ ಬಲದ ಲೆಕ್ಕವನ್ನು 28ನೇ ದಿನಕ್ಕೆ ಹಿಡಿಯುತ್ತಾರೆ. ನಡುವೆ ನೀರು ತೀರಿದರೆ ಕೂಡುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ.

ಹಾಗಾದರೆ ಕಲಸುವಾಗಲೇ ಇನ್ನೆರಡು ಬಕೆಟ್ ಸುರಿದರೆ ಆಯಿತಲ್ಲ ಎನ್ನಬೇಡಿರಿ. ಮಾಲು ಸಲೀಸಾಗಿ ಹರಿಯಲೆಂದು ಸುರಿದ ಆ ಹೆಚ್ಚಿನ ನೀರು ಸಿಮೆಂಟಿನೊಡನೆ ಕೂಡದೆ, ಆಮೇಲೆ ಆವಿಯಾಗಿ, ಹೋದ ಜಾಗದಲ್ಲೆಲ್ಲ ರಂಧ್ರ ಉಳಿಸುತ್ತದೆ. ಆ ದಾರಿಯಿಂದ ಗಾಳಿಯೂ ತೇವವೂ ಒಳಹೊಕ್ಕು ಕಬ್ಬಿಣ ಮುಟ್ಟುತ್ತವೆ. 50 ಕಿಲೋ ಚೀಲಕ್ಕೆ 25 ಲೀಟರ್ ನೀರು ಎಂಬ ಅಳತೆಯನ್ನು ಮನೆಯವರೇ ನಿಂತು ನೋಡಬೇಕು. ಉಸುಕು ಹಸಿಯಾಗಿದ್ದರೆ ಅದರೊಳಗಿನ ನೀರನ್ನೂ ಇದರಲ್ಲೇ ಹಿಡಿಯಬೇಕು. ಕಲಸುವಾಗ ಜಿಪುಣತನ, ಹಾಕಿದ ಮೇಲೆ ಧಾರಾಳತನ: ನಮ್ಮಲ್ಲಿ ಇದು ತಿರುವುಮುರುವಾಗಿದೆ.

ಹಿಂದಿನವರು ನೀರಿಗೆ ಕೊಟ್ಟ ಮರ್ಯಾದೆಯನ್ನು ನೋಡಿರಿ. ನಮ್ಮ ಕೋಟೆಯ 1367ರ ಜಾಮಿಯಾ ಮಸೀದಿ, ಬೀದರಿನ 1472ರ ಮಹಮೂದ್ ಗವಾನ್ ಮದರಸಾ ಸಿಮೆಂಟನ್ನು ಕಂಡವಲ್ಲ. ಅವು ಸುಣ್ಣದ ಗಚ್ಚಿನ ಕಾಲದವು. ಸುಣ್ಣಗಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟಾಗ ಹೊರಟುಹೋಗುವ ಇಂಗಾಲದ ಡೈಆಕ್ಸೈಡನ್ನು, ನೀರು ಹಾಕಿ ಅರಳಿಸಿದ ಸುಣ್ಣವು ಗೋಡೆ ಸೇರಿದ ಮೇಲೆ ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಪಡೆದು ಪುನಃ ಕಲ್ಲಾಗುತ್ತದೆ. ತೇವ ಪೂರ್ತಿ ಆರಿದರೆ ಆ ಕೆಲಸವೂ ನಡೆಯುವುದಿಲ್ಲ. ಅಲ್ಲಿಯೂ ಅದೇ ಮಾತು: ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎರೆಮಣ್ಣಿನ ಬುನಾದಿ, ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ಪದರ ಅಂದರೆ ಕವರ್ ಇವೆರಡನ್ನೂ ಇನ್ನೊಂದು ದಿನಕ್ಕೆ ಬಿಡುತ್ತೇನೆ. ಇಷ್ಟನ್ನು ಬರೆದುಕೊಳ್ಳಿರಿ: ಬಿಸಿಲುಗಾಲದಲ್ಲಿ ಸ್ಲ್ಯಾಬಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಅಂದರೆ ಬಿಡದೆ ಒದ್ದೆಯಾಗಿಡುವುದು, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ 14 ದಿನ, ಕಾಂಕ್ರೀಟನ್ನು ಮಧ್ಯಾಹ್ನ ಹಾಕದೆ ಸಂಜೆಯ ತಂಪಿನಲ್ಲಿ ಹಾಕುವುದು, ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಒದ್ದೆ ಗೋಣಿ ಸುತ್ತುವುದು. ದಿನಕ್ಕೆ ಎರಡು ಸಲ ಪೈಪು ಹಿಡಿದು ಚಿಮುಕಿಸಿದರೆ ನಮ್ಮ ಬಿಸಿಲಿಗೆ ಅದು ಅರ್ಧ ತಾಸೂ ನಿಲ್ಲದು.

ಹೊರಗೆ ಅಂಗಳದಲ್ಲಿ ಒಂದೇ ಮಾಲಿನಿಂದ ಹಾಕಿದ ಎರಡು ಕಾಂಕ್ರೀಟು ತುಂಡುಗಳನ್ನು ಇರಿಸಿದ್ದೇನೆ. ಒಂದು 14 ದಿನ ನೀರಿನಲ್ಲಿತ್ತು, ಇನ್ನೊಂದು ಬಿಸಿಲಿನಲ್ಲಿತ್ತು. ಪಕ್ಕದಲ್ಲಿ ಸುತ್ತಿಗೆಯಿದೆ. ಬನ್ನಿರಿ, ನಿಮ್ಮ ಕೈಯಿಂದಲೇ ಹೊಡೆದು ನೋಡಿರಿ.